ಕೆನ್ನೀರು, ಕರಿನೀರು: ಮಲಪ್ರಭೆಯ ದಂಡೆಯ ಒಂದು ಊರಿನ ನೆರೆ ಪ್ರಕರಣ

ಈ ಪ್ರಕರಣದ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಜನರನ್ನು ಅವರ ಕೆಲಸದಿಂದ, ವಯಸ್ಸಿನಿಂದ ಮಾತ್ರ ಗುರುತಿಸಿದ್ದೇನೆ. ಗುರುತು ಸಿಗಬಾರದೆಂದು ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಮಲಪ್ರಭಾ ನದಿಗೆ ಬೆಣ್ಣೆಹಳ್ಳ ಬಂದು ಕೂಡುವ ಬಯಲಿನಲ್ಲಿ, ಗದಗ ಮತ್ತು ಬಾಗಲಕೋಟೆ ಜಿಲ್ಲೆಗಳು ತಾಗುವ ಕಡೆ, ಇಂಥ ಊರುಗಳು ಹಲವು ಇವೆ. ಅಂಥದೊಂದು ಊರಿನ ಪ್ರೌಢಶಾಲೆಯಲ್ಲಿ ನಾನು ಕೆಲವು ವರ್ಷ ಪಾಠ ಮಾಡಿದೆ. 2019ರ ಆಗಸ್ಟ್‌ನಲ್ಲಿ ನಮ್ಮ ಶಾಲೆಯೇ ಪರಿಹಾರ ಕೇಂದ್ರವಾಯಿತು. ಆ ದಿನಗಳಲ್ಲಿ ನಾವು ತೆಗೆದುಕೊಂಡ ತೀರ್ಮಾನಗಳಲ್ಲಿ ಕೆಲವು ಸರಿಯಾಗಿದ್ದವು, ಕೆಲವು ತಪ್ಪಾಗಿದ್ದವು. ಬೇರೆ ಊರಿನವರಿಗೆ ಎರಡೂ ಉಪಯೋಗಕ್ಕೆ ಬರಬಹುದು ಎಂದು ಬರೆಯುತ್ತಿದ್ದೇನೆ.

ಎರಡು ನೀರಿನ ನಡುವಿನ ದಿಬ್ಬ

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ದಟ್ಟ ಮಳೆಯ ಸೀಮೆಯಲ್ಲಿ. ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಡುದಾರಿಯಲ್ಲಿ, ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ, 1970ರ ದಶಕದ ಆರಂಭದಲ್ಲಿ ಪೂರ್ಣಗೊಂಡ ಅಣೆಕಟ್ಟು ಇದೆ. ಅದರ ಜಲಾಶಯಕ್ಕೆ ರೇಣುಕಾಸಾಗರ ಎಂದು ಹೆಸರು, ಸಾಮರ್ಥ್ಯ 37.73 ಟಿಎಂಸಿ ಅಡಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ).

ಬೆಣ್ಣೆಹಳ್ಳದ ಸ್ವಭಾವವೇ ಬೇರೆ. ಅದು ಬಯಲಿನ ಕೂಸು. ತುಪ್ಪರಿಹಳ್ಳವನ್ನು ಕೂಡಿಸಿಕೊಂಡು ನವಲಗುಂದ, ನರಗುಂದ, ರೋಣ ತಾಲ್ಲೂಕುಗಳ ಎರೆಭೂಮಿಯನ್ನು, ಅಂದರೆ ಕಪ್ಪು ಮಣ್ಣಿನ ಹೊಲಗಳನ್ನು, ಹಾದು ಬರುತ್ತದೆ. ವರ್ಷದ ಬಹುಪಾಲು ಅದರಲ್ಲಿ ಮೊಣಕಾಲುದ್ದ ನೀರೂ ಇರುವುದಿಲ್ಲ. ಆದರೆ ಎರೆ ಮಣ್ಣು ಒಮ್ಮೆ ಚೆನ್ನಾಗಿ ತೊಯ್ದು ಉಬ್ಬಿತೆಂದರೆ, ಆಮೇಲೆ ಸುರಿದ ಮಳೆ ಒಳಗೆ ಇಳಿಯುವುದಿಲ್ಲ. ಹೊಲದ ಮೇಲಿನಿಂದ ಜಾರಿ ನೇರ ಹಳ್ಳಕ್ಕೆ ಬೀಳುತ್ತದೆ. ಸಂಜೆ ಖಾಲಿ ಇದ್ದ ಹಳ್ಳ ಬೆಳಗಾಗುವುದರೊಳಗೆ ಮೈಲುಗಟ್ಟಲೆ ಅಗಲವಾಗಿರುತ್ತದೆ. ಅದನ್ನು ಹಿಡಿದಿಡಲು ಮೇಲೆ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ.

ನಮ್ಮ ಊರಿನ ಮುಂದೆ ಹೊಳೆ, ಬೆನ್ನಿಗೆ ಹಳ್ಳ. ಹಳೆಯ ಊರು ಒಂದು ದಿಬ್ಬದ ಮೇಲಿದೆ. ದಿಬ್ಬದ ನೆತ್ತಿಯಲ್ಲಿ ಗುಡಿ, ಅದರ ಸುತ್ತ ಅತಿ ಹಳೆಯ ಮನೆಗಳು, ಅಂಚಿನಲ್ಲಿ ಅಗಸಿ, ಅಂದರೆ ಊರ ಬಾಗಿಲು. ಅಗಸಿಯಿಂದ ಹೊಳೆಗೆ ಇಳಿಯಲು ಕಲ್ಲಿನ ಮೆಟ್ಟಿಲುಗಳು. ಮೊದಲು ಊರು ಕಟ್ಟಿದವರಿಗೆ ನೆರೆಯ ಲೆಕ್ಕ ತಿಳಿದಿತ್ತು ಎಂಬುದು ಆ ದಿಬ್ಬವನ್ನು ಒಮ್ಮೆ ಸುತ್ತಿ ಬಂದರೆ ಗೊತ್ತಾಗುತ್ತದೆ. ಅಗಸಿಯ ಹೊರಗೆ, ಹೊಳೆಯ ಕಡೆ, ಹಳೆಯ ಕಾಲದ ಒಂದು ಮನೆಯೂ ಇಲ್ಲ. ಅಲ್ಲಿದ್ದುದು ಕಣ, ಬಣವೆ, ತಿಪ್ಪೆ. ನೀರು ಬಂದರೆ ಹೋಗಬಹುದಾದವು ಮಾತ್ರ.

ಅಗಸಿಯ ಹೊರಗೆ ಮನೆಗಳು ಎದ್ದದ್ದು ಅಣೆಕಟ್ಟು ಆದ ಮೇಲೆ. ಹಿರಿಯರು ಹೇಳುವ ಪ್ರಕಾರ, ಮೇಲೆ ಕಟ್ಟೆ ಕಟ್ಟಿದ್ದಾರೆ, ಇನ್ನು ಹೊಳೆ ಊರಿಗೆ ಬರುವುದಿಲ್ಲ ಎಂಬ ನಂಬಿಕೆ ಬೇರೂರಿತು. ಅಣ್ಣತಮ್ಮಂದಿರು ಬೇರೆಯಾದಾಗ ಒಬ್ಬ ದಿಬ್ಬದ ಮೇಲಿನ ಮನೆ ಇಟ್ಟುಕೊಂಡ, ಇನ್ನೊಬ್ಬ ಕೆಳಗಿನ ಕಣದಲ್ಲಿ ಮನೆ ಕಟ್ಟಿದ. ಹೀಗೆ ಎರಡು ತಲೆಮಾರಿನಲ್ಲಿ ಊರಿನ ಅರ್ಧಕ್ಕಿಂತ ಹೆಚ್ಚು ಮನೆಗಳು ತಗ್ಗಿಗೆ ಇಳಿದವು. ಹಳ್ಳದ ಬದಿಯ ಕೇರಿ ಮಾತ್ರ ಮೊದಲಿನಿಂದಲೂ ತಗ್ಗಿನಲ್ಲೇ ಇತ್ತು. ದಿಬ್ಬದ ಮೇಲೆ ಆ ಕೇರಿಯವರಿಗೆ ಯಾವ ಕಾಲದಲ್ಲೂ ಜಾಗ ಸಿಕ್ಕಿರಲಿಲ್ಲ. ನೆರೆಯ ಅಪಾಯವನ್ನು ಊರು ಹಿಂದಿನಿಂದ ಹೇಗೆ ಹಂಚಿಕೊಂಡು ಬಂದಿದೆ ಎಂಬುದನ್ನು ಬರೆಯದೆ ನೆರೆಯ ಇತಿಹಾಸ ಬರೆಯಲಾಗುವುದಿಲ್ಲ.

ಆಮೇಲೆ ಬರಗಾಲದ ವರ್ಷಗಳು ಬಂದವು. ಅಣೆಕಟ್ಟು ತುಂಬುವುದೇ ಅಪರೂಪವಾಯಿತು. 2015ರಿಂದ ನರಗುಂದ, ನವಲಗುಂದದ ಕಡೆ ಕಳಸಾ-ಬಂಡೂರಿ ಹೋರಾಟ ವರ್ಷಗಟ್ಟಲೆ ನಡೆದದ್ದು ಮಲಪ್ರಭೆಗೆ ನೀರು ಬೇಕು ಎಂದೇ. ನಮ್ಮ ಊರಿನವರೂ ಆ ಧರಣಿಗಳಲ್ಲಿ ಕುಳಿತವರು. ಬತ್ತಿದ ಹೊಳೆಯ ಪಾತ್ರದಲ್ಲಿ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆಯಿತು, ಎರಡೂ ದಂಡೆಯ ಹೊಲಗಳು ಒಳಕ್ಕೆ ಸರಿದವು. ಹೊಳೆಯಲ್ಲಿ ನೀರಿಲ್ಲ ಎಂಬ ಚಿಂತೆಯಲ್ಲಿ ಇರುವವರಿಗೆ ಹೊಳೆಯ ಅಗಲ ಕಡಿಮೆಯಾಗಿದೆ ಎಂಬುದು ಕಾಣುವುದು ಕಷ್ಟ.

2009: ಬನ್ನಿ ಹಂಚಿದ ವಾರ

2009ರ ವಿಜಯದಶಮಿ ಸೆಪ್ಟೆಂಬರ್ 28ಕ್ಕೆ ಬಂದಿತ್ತು. ಬನ್ನಿ ಬಂಗಾರ ಹಂಚಿಕೊಂಡ ಆ ವಾರದಲ್ಲೇ ಉತ್ತರ ಕರ್ನಾಟಕದ ಬಯಲಿನ ಮೇಲೆ ಮಳೆ ಸುರಿಯಿತು. ಅಕ್ಟೋಬರ್ 2ರ ಹೊತ್ತಿಗೆ ಜಿಲ್ಲೆಗೆ ಜಿಲ್ಲೆಗಳೇ ನೀರಿನಲ್ಲಿದ್ದವು. ರಾಜ್ಯದಲ್ಲಿ ಇನ್ನೂರಕ್ಕಿಂತ ಹೆಚ್ಚು ಜನ ಸತ್ತರು. ಅದು ಮಲೆನಾಡಿನಿಂದ ಇಳಿದು ಬಂದ ನೆರೆಯಲ್ಲ. ಬಯಲಿನ ಮೇಲೇ ಬಿದ್ದ ಮಳೆಯ ನೆರೆ. ನಮ್ಮ ಊರಿಗೆ ನೀರು ಬೆನ್ನ ಕಡೆಯಿಂದ, ಹಳ್ಳದಿಂದ, ರಾತ್ರಿ ಬಂತು. ಕೇರಿ ಮೊದಲು ಮುಳುಗಿತು. ಮೂರು ದಿನ ನೆನೆದ ಮಾಳಿಗೆ ಮನೆಗಳ (ಮಣ್ಣಿನ ಚಪ್ಪಟೆ ಛಾವಣಿಯ ಮನೆಗಳು) ಮಣ್ಣಿನ ಗೋಡೆಗಳು ಆಮೇಲೆ ಒಂದೊಂದಾಗಿ ಕುಸಿದವು.

ಆಗ ಸರ್ಕಾರ ಆಸರೆ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಹೊಸ ಊರುಗಳನ್ನು ಕಟ್ಟಿಸಿತು. ನಮ್ಮವರಿಗೆ ಮೂರು ಕಿಲೋಮೀಟರ್ ದೂರದ ಎತ್ತರದ ಜಾಗದಲ್ಲಿ ನವಗ್ರಾಮ ಸಿಕ್ಕಿತು. ಪ್ರೌಢಶಾಲೆಯೂ ಅಲ್ಲಿಯೇ ಬಂತು. ಮನೆಗಳು ಗಟ್ಟಿಯಾಗಿದ್ದವು. ಆದರೂ ಕೆಲವೇ ವರ್ಷಗಳಲ್ಲಿ ಬಹುತೇಕ ಮನೆಗಳಿಗೆ ಬೀಗ ಬಿದ್ದಿತು. ಉಳಿದವುಗಳಲ್ಲಿ ಹೊಟ್ಟು, ಕಣಿಕೆ, ಉಳ್ಳಾಗಡ್ಡಿ ತುಂಬಿದರು.

ಈ ಜನರಿಗೆ ಎಷ್ಟು ಹೇಳಿದರೂ ಬುದ್ಧಿ ಬರುವುದಿಲ್ಲ ಎಂದು ಕಚೇರಿಗಳಲ್ಲಿ ಹೇಳುವುದನ್ನು ನಾನು ಕೇಳಿದ್ದೇನೆ. ಆ ಮಾತು ನನಗೆ ಇಂದಿಗೂ ನೋವು ಕೊಡುತ್ತದೆ. ಮನೆಮನೆಗೆ ಹೋಗಿ ಕೇಳಿದರೆ ಪ್ರತಿಯೊಬ್ಬರಿಗೂ ಒಂದು ಗಟ್ಟಿ ಕಾರಣ ಇತ್ತು. ದಾಖಲೆಯಲ್ಲಿ ಒಂದೇ ಮನೆ ಎಂದಿದ್ದ ಕಡೆ ಮೂವರು ಅಣ್ಣತಮ್ಮಂದಿರ ಸಂಸಾರಗಳಿದ್ದವು. ಸಿಕ್ಕಿದ್ದು ಎರಡು ಕೋಣೆಯ ಒಂದು ಮನೆ. ಎತ್ತು, ಎಮ್ಮೆ ಕಟ್ಟಲು ಗೋದಲಿ ಇಲ್ಲ, ಹಿತ್ತಲಿಲ್ಲ. ಹೊಲ ಹಳೆಯ ಊರಿನ ಬಳಿ. ರಾತ್ರಿ ನೀರು ಹಾಯಿಸಲು, ಬೆಳೆ ಕಾಯಲು ಮೂರು ಕಿಲೋಮೀಟರ್ ಬರಬೇಕು. ಹಲವರಿಗೆ ಹಕ್ಕುಪತ್ರ ಕೈಗೆ ಬಂದಿರಲಿಲ್ಲ. ನಾಳೆ ತೆರವು ಮಾಡು ಎಂದರೆ ಏನು ತೋರಿಸುವುದು? ನವಗ್ರಾಮದಲ್ಲಿ ಗಟ್ಟಿಯಾಗಿ ನೆಲೆ ನಿಂತವರು ಕೇರಿಯವರು. ಅವರಿಗೆ ಹಳೆಯ ಊರಿನಲ್ಲಿ ಬಿಟ್ಟುಬರಲು ಹೊಲವಿರಲಿಲ್ಲ. ಅದರ ಬೆಲೆಯನ್ನೂ ಅವರೇ ಕೊಟ್ಟರು: ದಿನಾ ಕೂಲಿಗೆ ಅದೇ ಮೂರು ಕಿಲೋಮೀಟರ್ ನಡೆಯಬೇಕಾಯಿತು.

ಇದಕ್ಕಿಂತ ದೊಡ್ಡ ಕೊರತೆಯೊಂದನ್ನು ಆಗ ಯಾರೂ ಗಮನಿಸಿರಲಿಲ್ಲ. ಹಳೆಯ ಊರಿನಿಂದ ನವಗ್ರಾಮಕ್ಕೆ ಹೋಗುವ ಒಂದೇ ರಸ್ತೆ ಬೆಣ್ಣೆಹಳ್ಳವನ್ನು ಒಂದು ತಗ್ಗಿನ ಕಿರುಸೇತುವೆಯ ಮೇಲೆ ದಾಟುತ್ತದೆ. ಸುರಕ್ಷಿತ ಜಾಗ ನೀರಿನ ಆಚೆಗಿತ್ತು.

2019: ಪಂಚಮಿಯ ಮರುದಿನ

2019ರ ಜುಲೈವರೆಗೆ ನಮ್ಮ ಕಡೆ ಒಳ್ಳೆಯ ಮಳೆ ಇರಲಿಲ್ಲ. ನಾಗರ ಪಂಚಮಿ ಆಗಸ್ಟ್ 5, ಸೋಮವಾರ. ಹೆಣ್ಣುಮಕ್ಕಳು ತವರಿಗೆ ಬಂದಿದ್ದರು, ಅವರ ಜೊತೆ ಎಳೆಯ ಮಕ್ಕಳು. ಮನೆಮನೆಯಲ್ಲಿ ಉಂಡಿ, ಅಳ್ಳು, ತಂಬಿಟ್ಟು. ಬೇವಿನ ಮರಗಳಿಗೆ ಜೋಕಾಲಿ. ಊರಿನಲ್ಲಿ ಎಂದಿಗಿಂತ ಹೆಚ್ಚು ಜನ ಇದ್ದ ವಾರ ಅದು. ಈ ಒಂದು ಸಂಗತಿಯನ್ನು ನಮ್ಮ ಯಾವ ಪಟ್ಟಿಯೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಪಟ್ಟಿಗಳಲ್ಲಿ ಇದ್ದದ್ದು ಪಡಿತರ ಚೀಟಿಯ ಹೆಸರುಗಳು.

ಮಂಗಳವಾರ ಮೊಬೈಲ್‌ಗಳಿಗೆ ಸಂದೇಶ ಬಂತು. ಅಣೆಕಟ್ಟಿನಿಂದ ಇಷ್ಟು ಕ್ಯುಸೆಕ್ ನೀರು ಬಿಡಲಾಗುವುದು, ನದಿ ಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳಬೇಕು ಎಂದು. ಡಂಗುರವನ್ನೂ ಸಾರಿಸಿದರು. ಬಹಳ ಜನ ಕದಲಲಿಲ್ಲ. ಏಕೆ ಕದಲಲಿಲ್ಲ ಎಂಬುದೇ ಈ ಪ್ರಕರಣದ ತಿರುಳು, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲನೆಯದಾಗಿ, ಊರಿನಲ್ಲಿ ಬೀಳುತ್ತಿದ್ದುದು ಜಿಟಿಜಿಟಿ ಮಳೆ. ಜನರ ನೆನಪಿನಲ್ಲಿದ್ದ ನೆರೆ 2009ರದು. ಅದು ಬಂದಾಗ ಆಕಾಶವೇ ಹರಿದಿತ್ತು. ಹೀಗಾಗಿ ಎಲ್ಲರೂ ತಲೆಯೆತ್ತಿ ತಮ್ಮ ಆಕಾಶವನ್ನು ನೋಡಿ ಧೈರ್ಯ ತಂದುಕೊಂಡರು. ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ಘಟ್ಟದ ಮೇಲೆ ಏನಾಗುತ್ತಿದೆ ಎಂಬುದು ಈ ಆಕಾಶದಲ್ಲಿ ಕಾಣುವುದಿಲ್ಲ. ಎರಡನೆಯದಾಗಿ, ‘ನದಿ ಪಾತ್ರದ ಜನ’ ಎಂದರೆ ತಾವು ಎಂದು ಯಾರಿಗೂ ಅನ್ನಿಸಲಿಲ್ಲ. ಅಗಸಿಯ ಹೊರಗೆ ಇರುವವರೂ ತಮ್ಮನ್ನು ಊರಿನವರು ಎಂದುಕೊಳ್ಳುತ್ತಾರೆಯೇ ಹೊರತು ಹೊಳೆಯ ಒಳಗಿನವರು ಎಂದಲ್ಲ. ಮೂರನೆಯದು ಕ್ಯುಸೆಕ್. ಸಣ್ಣ ಪ್ರಮಾಣದಲ್ಲಿ ನೀರು ಬಿಟ್ಟಾಗಲೂ ಇದೇ ವಾಕ್ಯ ಬರುತ್ತಿತ್ತು. ಅಂಕಿ ಮಾತ್ರ ಬೇರೆ. ಆ ಅಂಕಿ ದೊಡ್ಡದೋ ಚಿಕ್ಕದೋ ಯಾರಿಗೂ ತಿಳಿಯದು. ನನಗೂ ತಿಳಿದಿರಲಿಲ್ಲ, ವಿಜ್ಞಾನ ಪಾಠ ಮಾಡುತ್ತಿದ್ದ ನನಗೆ.

ಮಂಗಳವಾರ ಸಂಜೆ ಮೆಟ್ಟಿಲುಗಳ ಬಳಿ ನಿಂತಿದ್ದೆ. ಎಂಬತ್ತು ದಾಟಿದ ಅಜ್ಜಿಯೊಬ್ಬರು ಕೋಲೂರಿಕೊಂಡು ಬಂದು ನೀರನ್ನೇ ದಿಟ್ಟಿಸಿ ನೋಡಿದರು.

“ಮಾಸ್ತರರೇ, ಬಣ್ಣ ನೋಡಿದಿರಾ?” ಎಂದರು.

“ಕೆಂಪಾಗಿದೆ, ಅಜ್ಜಿ.”

“ಕೆನ್ನೀರು ಮೇಲಿನ ಸೀಮೆಯದು. ಅದು ನಿಧಾನವಾಗಿ ಬರುತ್ತದೆ, ನಿಧಾನವಾಗಿಯೇ ಏರುತ್ತದೆ, ಬೇಗ ಇಳಿಯುವುದಿಲ್ಲ. ಕರಿನೀರು ಹಳ್ಳದ್ದು. ಅದು ಒಂದೇ ರಾತ್ರಿಗೆ ಬಂದು ಹೋಗುತ್ತದೆ. ಕಟ್ಟೆ ಕಟ್ಟುವ ಮೊದಲು ನಾವು ಬಣ್ಣ ನೋಡಿಯೇ ನೆಲದೊಳಗಿನ ಹಗೇವಿನಿಂದ ಕಾಳು ತೆಗೆಯುತ್ತಿದ್ದೆವು. ಇಂಥ ಕೆಂಪು ನೋಡಿ ಎಷ್ಟು ವರ್ಷವಾಯಿತೋ.”

ಆ ಮಾತಿನಲ್ಲಿದ್ದ ಭೂಗೋಳ ನನಗೆ ಅರ್ಥವಾಗಲು ಒಂದು ರಾತ್ರಿ ಬೇಕಾಯಿತು. ಮೇಲಿನ ಸೀಮೆಯದು ಕೆಂಪು ಜಂಬಿಟ್ಟಿಗೆ ಮಣ್ಣು. ಬಯಲಿನದು ಕಪ್ಪು ಎರೆ. ನೀರು ತಾನು ಎಲ್ಲಿಂದ ಬಂದೆ ಎಂಬುದನ್ನು ಮೈಮೇಲೆ ಬರೆದುಕೊಂಡೇ ಬರುತ್ತದೆ. ಬುಧವಾರ ಬೆಳಿಗ್ಗೆ ನಾನು, ಗ್ರಾಮ ಸಹಾಯಕ, ಇಬ್ಬರು ಯುವಕರು ಸೇರಿ ಅಜ್ಜಿಯ ಮಾತನ್ನೇ ಮನೆಮನೆಗೆ ಒಯ್ದೆವು. ಕ್ಯುಸೆಕ್‌ಗೆ ಕದಲದವರು ಬಣ್ಣಕ್ಕೆ ಕದಲಿದರು.

ಆದರೆ ಎತ್ತು, ಎಮ್ಮೆಗಳನ್ನು ಬಿಟ್ಟು ಬರಲು ಯಾರೂ ಒಪ್ಪಲಿಲ್ಲ. ಜನರನ್ನು ಮೊದಲು ಸಾಗಿಸಬೇಕು, ಜಾನುವಾರು ಆಮೇಲೆ ಎಂಬುದು ನಮಗೆ ಮೇಲಿನಿಂದ ಬಂದ ಸೂಚನೆ. ಬೆಳಿಗ್ಗೆ ಎರಡು ಗಂಟೆ ಅದರಂತೆ ವಾದ ಮಾಡಿ ಕಳೆದೆವು. ಕೊನೆಗೆ ಗ್ರಾಮ ಸಹಾಯಕ, “ಸಾಹೇಬರಿಗೆ ನಾನು ಉತ್ತರ ಕೊಡುತ್ತೇನೆ, ಮೊದಲು ದನ ಹೊಡೆಯಿರಿ” ಎಂದರು. ದನಗಳು ಹೊರಟ ಕೂಡಲೇ ಹಿಂದೆಯೇ ಮನೆಯವರು ಹೊರಟರು. ಚಕ್ಕಡಿ, ಟ್ರ್ಯಾಕ್ಟರ್‌ಗಳ ಸಾಲು ಮಧ್ಯಾಹ್ನದ ಹೊತ್ತಿಗೆ ಕಿರುಸೇತುವೆ ದಾಟಿತು. ಆ ದಿನದ ಸರಿಯಾದ ತೀರ್ಮಾನ ಇದೊಂದೇ ಎಂದು ಈಗಲೂ ನಂಬುತ್ತೇನೆ. ಅದು ಸೂಚನೆಯನ್ನು ಮೀರಿದ ತೀರ್ಮಾನವಾಗಿತ್ತು.

ತಪ್ಪಾದದ್ದು ಸಂಜೆ. ಹೊಳೆ ಇನ್ನೂ ಅಗಸಿಯ ಮೆಟ್ಟಿಲುಗಳಲ್ಲಿತ್ತು. ಮನೆಗಳಿಗೆ ಬರಲು ಒಂದು ರಾತ್ರಿಯಾದರೂ ಬೇಕು ಎಂದು ಲೆಕ್ಕ ಹಾಕಿ, ಉಳಿದವರು ಬೆಳಿಗ್ಗೆ ಬರಬಹುದು ಎಂದೆವು. ಲೆಕ್ಕ ಸರಿಯಾಗಿಯೇ ಇತ್ತು. ನೋಡಿದ ಜಾಗ ಮಾತ್ರ ತಪ್ಪು. ತುಂಬಿದ ಹೊಳೆ ಹಳ್ಳಕ್ಕೆ ಬಾಯಿ ಕಟ್ಟಿತ್ತು. ಮೇಲಿನಿಂದ ಬಂದ ಹಳ್ಳದ ನೀರಿಗೆ ಹೊಳೆಗೆ ಇಳಿಯಲು ದಾರಿಯಿಲ್ಲದೆ ಅದು ನಿಂತು, ಹಿಂದಕ್ಕೆ ಸರಿದು, ಅಗಲವಾಯಿತು. ಊರಿನ ಒಂದು ಮನೆಯೂ ಒದ್ದೆಯಾಗುವ ಮೊದಲೇ, ರಾತ್ರಿ ಎಂಟರ ಹೊತ್ತಿಗೆ, ಕಿರುಸೇತುವೆಯ ಮೇಲೆ ಎದೆಮಟ್ಟದ ನೀರು. ಊರಿನಲ್ಲಿ ಇನ್ನೂ ನೂರಕ್ಕೂ ಹೆಚ್ಚು ಜನ ಇದ್ದರು, ಅವರಲ್ಲಿ ಪಂಚಮಿಗೆ ಬಂದಿದ್ದ ಬಾಣಂತಿಯೊಬ್ಬಳು.

ಗುರುವಾರ ಅಗಸಿಯ ಹೊರಗಿನ ಮನೆಗಳಿಗೆ ನೀರು ನುಗ್ಗಿತು. ಉಳಿದವರೆಲ್ಲ ದಿಬ್ಬದ ನೆತ್ತಿಯ ಗುಡಿಯಲ್ಲಿ, ಅದರ ಸುತ್ತಲಿನ ಮಾಳಿಗೆಗಳ ಮೇಲೆ ಸೇರಿದರು. ಮೊದಲು ಊರು ಕಟ್ಟಿದವರ ಜಾಣ್ಮೆ ಆ ದಿನ ಅವರನ್ನು ಕಾಪಾಡಿತು. ದೋಣಿ ಬಂದದ್ದು ಮರುದಿನ. ಯಾರ ಪ್ರಾಣವೂ ಹೋಗಲಿಲ್ಲ. ಆ ಒಂದು ರಾತ್ರಿ ಶಾಲೆಯ ಅಂಗಳದಲ್ಲಿ ನಿಂತು, ಕತ್ತಲಲ್ಲಿ ನೀರಿನ ಸದ್ದು ಮಾತ್ರ ಕೇಳುತ್ತಿದ್ದಾಗ, ‘ಬೆಳಿಗ್ಗೆ ಬನ್ನಿ’ ಎಂದಿದ್ದ ನನ್ನದೇ ಮಾತು ನನ್ನನ್ನು ಎಷ್ಟು ಸುಟ್ಟಿತು ಎಂಬುದನ್ನು ಬರೆಯಲಾರೆ.

ನೀರು ಇಳಿದ ಮೇಲಿನ ನೆರೆ

ಮಣ್ಣಿನ ಮನೆಗೆ ನೀರಿಗಿಂತ ಆಮೇಲಿನ ಬಿಸಿಲು ಅಪಾಯ. ಬುಡ ನೆನೆದು ಮೆತ್ತಗಾದ ಗೋಡೆಯ ಮೇಲೆ ಮೇಲ್ಮುದ್ದೆಯ, ಅಂದರೆ ಮಣ್ಣಿನ ಛಾವಣಿಯ, ಭಾರ ಹಾಗೆಯೇ ಇರುತ್ತದೆ. ಒಣಗುತ್ತಾ ಬಿರುಕು ಬಿಟ್ಟು, ಎಂಟು ಹತ್ತು ದಿನಗಳ ಮೇಲೆ ಒಂದು ಮಧ್ಯಾಹ್ನ ಕುಸಿಯುತ್ತದೆ. ಆ ವರ್ಷ ಸರ್ಕಾರ ಮನೆ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಪೂರ್ಣ ಬಿದ್ದ ಎ ವರ್ಗದ ಮನೆಗೆ 5 ಲಕ್ಷ ರೂಪಾಯಿ, ಅಲ್ಪ ಹಾನಿಯ ಸಿ ವರ್ಗಕ್ಕೆ 50 ಸಾವಿರ. ತಕ್ಷಣದ ಖರ್ಚಿಗೆ ಕುಟುಂಬಕ್ಕೆ 10 ಸಾವಿರ. ಸಮೀಕ್ಷೆಯವರು ಬಂದ ದಿನ ನಿಂತಿದ್ದ ಮನೆ ಸಿ ಆಯಿತು. ಮರುವಾರ ಅದೇ ಮನೆ ನೆಲಕ್ಕೆ ಬಿದ್ದಿತ್ತು. ಪಕ್ಕದ ಮನೆ ಎರಡು ದಿನ ಮೊದಲೇ ಬಿದ್ದು ಎ ಆಗಿತ್ತು. ಅಣ್ಣತಮ್ಮಂದಿರ ನಡುವೆ ಇದರಿಂದ ಬಂದ ಜಗಳಗಳು ನೆರೆಗಿಂತ ಹೆಚ್ಚು ದಿನ ಉಳಿದವು.

ಇಲ್ಲಿ ನಮಗೆ ಒಂದು ಒಳ್ಳೆಯ ಯೋಚನೆ ಹೊಳೆದದ್ದು ಒಂಬತ್ತನೆಯ ತರಗತಿಯ ಹುಡುಗಿಯಿಂದ. ಅವಳು ತನ್ನ ಮನೆಯ ಗೋಡೆಯ ಮೇಲೆ ನೀರು ಮುಟ್ಟಿದ ಗೆರೆಯ ಪಕ್ಕ ಇದ್ದಿಲಿನಿಂದ ತಾರೀಖು ಬರೆದು, ಮೊಬೈಲ್‌ನಲ್ಲಿ ಚಿತ್ರ ತೆಗೆದಿದ್ದಳು. ನಾವು ಮಕ್ಕಳನ್ನು ಕಟ್ಟಿಕೊಂಡು ಊರಿನ ಪ್ರತಿ ಮನೆಯಲ್ಲೂ ಹಾಗೆ ಮಾಡಿಸಿದೆವು. ಬಿರುಕುಗಳನ್ನೂ ತಾರೀಖು ಸಮೇತ ತೆಗೆಸಿದೆವು. ಕೆಲವು ಮನೆಗಳ ಮರುಸಮೀಕ್ಷೆಗೆ ಆ ಚಿತ್ರಗಳು ಆಧಾರವಾದವು. ಎಲ್ಲರಿಗೂ ನ್ಯಾಯ ಸಿಕ್ಕಿತು ಎಂದು ಹೇಳಲಾರೆ.

ಆ ಗೆರೆಗಳಿಂದಲೇ ಮುಂದಿನ ಕೆಲಸ ಹುಟ್ಟಿತು. ಹಿರಿಯರನ್ನು ಕರೆದುಕೊಂಡು ಹೋಗಿ 2009ರ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ತೋರಿಸಲು ಕೇಳಿದೆವು. ಗೋಡೆ, ಕಂಬ, ಕಟ್ಟೆಗಳ ಮೇಲೆ ಅದನ್ನೂ ಬಣ್ಣದಿಂದ ಗುರುತಿಸಿದೆವು. ಎರಡು ಗೆರೆಗಳನ್ನು ಒಟ್ಟಿಗೆ ನೋಡಿದಾಗ ಎಲ್ಲರೂ ಸುಮ್ಮನಾದರು. ಹೊಳೆಯ ಬದಿಯಲ್ಲಿ 2019ರ ಗೆರೆ ಮೇಲಿತ್ತು. ಹಳ್ಳದ ಬದಿಯಲ್ಲಿ 2009ರದು ಮೇಲಿತ್ತು. ಯಾವ ನೆರೆ ದೊಡ್ಡದು ಎಂದು ಊರಿನಲ್ಲಿ ವಾದ ಮಾಡುತ್ತಿದ್ದ ಇಬ್ಬರು ತಮ್ಮ ತಮ್ಮ ಮನೆಯ ಮಟ್ಟಿಗೆ ನಿಜವನ್ನೇ ಹೇಳುತ್ತಿದ್ದರು.

ಜೊತೆಗೆ ಕ್ಯುಸೆಕ್ ಅನ್ನು ಊರಿನ ಭಾಷೆಗೆ ತರಲು ಹೊರಟೆವು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್, ನಮ್ಮ ಹೆಂಗಸರು ಹೊರುವ ಕೊಡದ ಲೆಕ್ಕದಲ್ಲಿ ಎರಡು ಕೊಡ. ಒಂದು ಲಕ್ಷ ಕ್ಯುಸೆಕ್ ಹರಿವು ಒಂದು ದಿನ ನಿಂತರೆ 8.64 ಟಿಎಂಸಿ ಅಡಿ. ಅಂದರೆ ಅಂಥ ಒಳಹರಿವಿಗೆ ರೇಣುಕಾಸಾಗರ ಖಾಲಿ ಇದ್ದರೂ ನಾಲ್ಕೂವರೆ ದಿನದೊಳಗೆ ತುಂಬುತ್ತದೆ. ಕಟ್ಟೆ ಇದೆ, ಹೊಳೆ ಬರುವುದಿಲ್ಲ ಎಂಬ ಎರಡು ತಲೆಮಾರಿನ ನಂಬಿಕೆಯನ್ನು ಈ ಒಂದು ಗುಣಾಕಾರ ಅಲುಗಿಸಿತು. ಕರಿಹಲಗೆಯ ಮೇಲೆ ಮಕ್ಕಳೇ ಅದನ್ನು ಮಾಡಿ ತೋರಿಸಿದ ದಿನ ಹಿಂದೆ ನಿಂತು ನೋಡುತ್ತಿದ್ದ ತಂದೆಯೊಬ್ಬರು, “ಹಾಗಾದರೆ ಕಟ್ಟೆ ನೆರೆಯನ್ನು ತಡೆಯುವುದಿಲ್ಲ, ತಡಮಾಡುತ್ತದೆ” ಎಂದರು. ನಾನು ಅದಕ್ಕಿಂತ ಚೆನ್ನಾಗಿ ಹೇಳಲಾರೆ.

ಅಣೆಕಟ್ಟಿನಿಂದ ಬಿಟ್ಟ ನೀರಿನ ಅಂಕಿಯನ್ನು ದಿನಾ ಬರೆದುಕೊಂಡು, ಮರುದಿನ ಹೊಳೆಯ ಯಾವ ಮೆಟ್ಟಿಲಿಗೆ ನೀರಿದೆ ಎಂದು ಪಕ್ಕದಲ್ಲಿ ಬರೆಯುವ ಕೆಲಸವನ್ನು ಇಬ್ಬರು ಹುಡುಗರಿಗೆ ಒಪ್ಪಿಸಿದೆವು. ಮೆಟ್ಟಿಲುಗಳಿಗೆ ಸಂಖ್ಯೆ ಹಾಕಿಸಿದೆವು. ಆ ಪುಸ್ತಕದ ಅಂಕಿಗಳನ್ನು ನಾನು ಇಲ್ಲಿ ಕೊಡುವುದಿಲ್ಲ. ಅವು ಆ ಊರಿನ ಮೆಟ್ಟಿಲುಗಳಿಗೆ ಮಾತ್ರ ನಿಜ. ಬೇರೆ ಊರಿನವರು ಅವನ್ನು ನಂಬಿದರೆ ಅಪಾಯ.

ಅಕ್ಟೋಬರ್: ಪುಸ್ತಕ ಕೈಕೊಟ್ಟ ರಾತ್ರಿ

ಇಷ್ಟೆಲ್ಲ ಮಾಡಿ ನಾವು ಸಿದ್ಧರಾಗಿದ್ದೇವೆ ಎಂದುಕೊಂಡೆವು. ಅದೇ ವರ್ಷ ಅಕ್ಟೋಬರ್ ಮೂರನೆಯ ವಾರ ದಾಟುವಾಗ ಮತ್ತೆ ಜೋರು ಮಳೆ. ಸಂಜೆ ಪುಸ್ತಕ ನೋಡಿದೆವು. ಅಣೆಕಟ್ಟಿನ ಅಂಕಿಯಲ್ಲಿ ಗಾಬರಿಪಡುವಂಥದ್ದು ಇರಲಿಲ್ಲ. ಮಲಗಿದೆವು. ಮಧ್ಯರಾತ್ರಿ ಬೆನ್ನ ಕಡೆಯಿಂದ ಕರಿನೀರು ಬಂತು. ಆಗಸ್ಟ್‌ನಲ್ಲಿ ಉಳಿದಿದ್ದ ಎಷ್ಟೋ ಗೋಡೆಗಳು ಆ ರಾತ್ರಿ ಹೋದವು. ಹೊರಗೆ ತಂದು ಒಟ್ಟಿದ್ದ ಗೋವಿನಜೋಳ, ಉಳ್ಳಾಗಡ್ಡಿ ಕೊಚ್ಚಿಹೋದವು. ಒಂದು ಮನೆಯ ಜೋಡಿ ಎತ್ತುಗಳು ಕಟ್ಟಿದ ಹಗ್ಗದಲ್ಲೇ ಮುಳುಗಿದವು. ಆಗಸ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಕಿರುಸೇತುವೆ ದಾಟಿದ್ದ ಎತ್ತುಗಳು ಅವು.

ಅಜ್ಜಿ ಎರಡು ನೀರಿನ ಮಾತು ಹೇಳಿದ್ದರು. ನಾವು ಒಂದನ್ನು ಮಾತ್ರ ಕೇಳಿಸಿಕೊಂಡಿದ್ದೆವು. ಕೆನ್ನೀರಿಗೆ ಅಂಕಿ ಇತ್ತು, ಸಂದೇಶ ಇತ್ತು, ಆದ್ದರಿಂದ ಅದು ನಮಗೆ ವಿಜ್ಞಾನದಂತೆ ಕಂಡಿತು. ಕರಿನೀರಿಗೆ ಯಾರೂ ಅಂಕಿ ಕಳುಹಿಸುವುದಿಲ್ಲ, ಆದ್ದರಿಂದ ಅದನ್ನು ಮರೆತೆವು. ಲೆಕ್ಕ ಸಿಗುವ ಅಪಾಯವನ್ನೇ ಇಡೀ ಅಪಾಯ ಎಂದುಕೊಳ್ಳುವುದು ಓದಿದವರು ಮಾಡುವ ತಪ್ಪು. ಇಲ್ಲಿ ಆ ತಪ್ಪು ನನ್ನದು.

ಪರಿಹಾರ ಸರಳವಾಗಿತ್ತು. ಹಳ್ಳದ ಮೇಲ್ದಂಡೆಯ ನಾಲ್ಕು ಊರುಗಳಲ್ಲಿ ನಮ್ಮ ಊರಿನ ಬೀಗರು, ನೆಂಟರು ಇದ್ದೇ ಇದ್ದರು. ಕೊಟ್ಟು ತಂದ ಸಂಬಂಧಗಳು ಹಳ್ಳದ ಉದ್ದಕ್ಕೂ ಇವೆ. ಪ್ರತಿ ಊರಿನಲ್ಲಿ ಒಬ್ಬರು ಹೆಣ್ಣುಮಗಳನ್ನು ಗೊತ್ತುಮಾಡಿಕೊಂಡೆವು. ಅವರ ಊರಿನ ಹಳ್ಳ ಒಂದು ಗೊತ್ತಾದ ಗುರುತು ದಾಟಿದರೆ, ರಾತ್ರಿ ಎಷ್ಟೇ ಹೊತ್ತಾಗಿರಲಿ, ತವರಿಗೆ ಫೋನು. ಗಂಡಸರನ್ನು ಏಕೆ ಆರಿಸಲಿಲ್ಲ ಎಂದು ಕೆಲವರು ಕೇಳಿದರು. ತವರು ಮುಳುಗುತ್ತದೆ ಎಂದರೆ ಮಗಳು ನಿದ್ದೆ ಮಾಡುವುದಿಲ್ಲ ಎಂದು ಗ್ರಾಮ ಸಹಾಯಕರ ಹೆಂಡತಿ ಉತ್ತರ ಕೊಟ್ಟರು.

ಕಿರುಸೇತುವೆಯ ಕಂಬಕ್ಕೆ ಕೆಂಪು ಬಣ್ಣದ ಗೆರೆ ಹಾಕಿದೆವು. ಊರು ಬಿಡುವ ಹೊತ್ತನ್ನು ಮನೆಯ ಹೊಸ್ತಿಲಿನಿಂದ ಅಳೆಯುವುದನ್ನು ನಿಲ್ಲಿಸಿದೆವು. ನೀರು ಆ ಗೆರೆ ಮುಟ್ಟಿದರೆ, ಊರು ಪೂರ್ತಿ ಒಣಗಿದ್ದರೂ, ಹೊರಡಬೇಕು. ಮೊದಲು ದನ, ಜೊತೆಗೆ ಬಾಣಂತಿ, ಬಸುರಿ, ಹಾಸಿಗೆ ಹಿಡಿದವರು. ಹಬ್ಬದ ವಾರಗಳಲ್ಲಿ ಬಂದವರ ಹೆಸರನ್ನು ಪಟ್ಟಿಗೆ ಸೇರಿಸಬೇಕು.

2020ರ ಆಗಸ್ಟ್, ಮತ್ತು ಉಳಿದ ಮಾತು

2020ರ ಆಗಸ್ಟ್ ಮಧ್ಯದಲ್ಲಿ ಮಲಪ್ರಭೆ ಮತ್ತೆ ಏರಿತು. 2019ರಷ್ಟು ದೊಡ್ಡದಲ್ಲ. ಜೊತೆಗೆ ಕೊರೊನಾ, ಶಾಲೆಯ ಒಂದು ಕೋಣೆಯಲ್ಲಿ ಹಿಂದಿನಂತೆ ಐದಾರು ಕುಟುಂಬಗಳನ್ನು ಇಡುವಂತಿರಲಿಲ್ಲ. ಆಗ ನವಗ್ರಾಮದ ಬೀಗ ಹಾಕಿದ ಮನೆಗಳು ನೆನಪಾದವು. ಮಳೆಗಾಲಕ್ಕೆ ಮೊದಲೇ ಯುವಕರು ಹೊಟ್ಟು, ಕಣಿಕೆ ಹೊರಗೆ ಹಾಕಿ ಸುಮಾರು ಮೂವತ್ತು ಮನೆ ಸ್ವಚ್ಛ ಮಾಡಿಟ್ಟಿದ್ದರು; ಮನೆಗಳ ಹಿಂದಿನ ಖಾಲಿ ಜಾಗದಲ್ಲಿ ತಗಡಿನ ಚಪ್ಪರ ಹಾಕಿ ಗೋದಲಿ ಮಾಡಿದ್ದರು. ನೀರು ಕೆಂಪು ಗೆರೆಯಿಂದ ಇನ್ನೂ ಕೈಯಗಲ ಕೆಳಗಿದ್ದಾಗಲೇ, ಹಗಲು ಹೊತ್ತಿನಲ್ಲೇ, ಅಗಸಿಯ ಹೊರಗಿನ ಬಹುತೇಕ ಮನೆಗಳು ಖಾಲಿಯಾದವು. ಕೆಲವರು ಬರಲಿಲ್ಲ. ಅವರಲ್ಲಿ ಇಬ್ಬರ ಮನೆಗೆ ನೀರು ಬರಲೂ ಇಲ್ಲ; ಮುಂದಿನ ವರ್ಷ ಅವರನ್ನು ಹೊರಡಿಸುವುದು ಇನ್ನೂ ಕಷ್ಟವಾಗುತ್ತದೆ ಎಂದು ನನಗೆ ಆಗಲೇ ಭಯವಾಯಿತು.

ಅನಿರೀಕ್ಷಿತವಾದದ್ದು ಆಮೇಲೆ. ನೀರು ಇಳಿದ ಮೇಲೆ ಹನ್ನೊಂದು ಕುಟುಂಬಗಳು ಹಿಂದಿರುಗಲಿಲ್ಲ. ಹತ್ತು ವರ್ಷಗಳ ಒತ್ತಾಯಕ್ಕೆ ಆಗದ ಕೆಲಸ ನಾಲ್ಕು ತಗಡಿನ ಗೋದಲಿಗಳಿಂದ ಆಯಿತು. ಸ್ಥಳಾಂತರದ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮನೆಯ ನಕ್ಷೆ ಬಿಡಿಸುವ ಮೊದಲು ಆ ಮನೆಯ ಎಮ್ಮೆ ಎಲ್ಲಿ ನಿಲ್ಲುತ್ತದೆ ಎಂದು ಕೇಳಿ ಎಂದು ಕೈಮುಗಿದು ಹೇಳುತ್ತೇನೆ. ಆಮೇಲೆ ಸುರಕ್ಷಿತ ಜಾಗಕ್ಕೆ ಹೋಗುವ ದಾರಿಯನ್ನು ಒಮ್ಮೆ ಮಳೆಗಾಲದಲ್ಲಿ ನಡೆದು ನೋಡಿ.

ಬಣ್ಣದ ಪಾಠವನ್ನು ಹಾಗೆಯೇ ಎತ್ತಿಕೊಂಡು ಹೋಗಬೇಡಿ ಎಂದೂ ಹೇಳಬೇಕು. ನಮ್ಮಲ್ಲಿ ಕೆಂಪು ಮತ್ತು ಕಪ್ಪು ಮಣ್ಣಿನ ಸೀಮೆಗಳು ಬೇರೆ ಬೇರೆ ಇರುವುದರಿಂದ ಅದು ನಡೆಯುತ್ತದೆ. ಇನ್ನೊಂದು ಊರಿನಲ್ಲಿ ಅದು ವಾಸನೆಯಾಗಿರಬಹುದು, ತೇಲಿ ಬರುವ ಕಸವಾಗಿರಬಹುದು, ಸದ್ದಾಗಿರಬಹುದು. ಅದನ್ನು ತಿಳಿದವರು ಊರಿನಲ್ಲಿ ಒಬ್ಬರಾದರೂ ಇರುತ್ತಾರೆ, ಸಾಮಾನ್ಯವಾಗಿ ಸಭೆಗೆ ಯಾರೂ ಕರೆಯದವರು. ನಮ್ಮ ಅಜ್ಜಿ ಒಂದು ಗ್ರಾಮಸಭೆಯಲ್ಲೂ ಮಾತನಾಡಿದವರಲ್ಲ.

ಹಕ್ಕುಪತ್ರಗಳ ವಿಷಯ ನಾನು ಊರು ಬಿಡುವವರೆಗೂ ಪೂರ್ತಿ ಮುಗಿದಿರಲಿಲ್ಲ. ಕಿರುಸೇತುವೆಯನ್ನು ಎತ್ತರಿಸಿ ಎಂಬ ಅರ್ಜಿಯನ್ನು ನಾಲ್ಕು ಸಲ ಕೊಟ್ಟೆವು. ಕೊನೆಯ ಸಲ ಎಂಜಿನಿಯರ್ ಒಬ್ಬರು ಬಂದು ಅಳತೆ ತೆಗೆದುಕೊಳ್ಳುವಾಗ, “ಯಾವ ವರ್ಷದ ನೆರೆಯ ಮಟ್ಟ ಹಿಡಿಯಬೇಕು? 2019ರದೇ ಅತಿ ದೊಡ್ಡದಲ್ಲವೇ?” ಎಂದು ಕೇಳಿದರು. ಆ ಇದ್ದಿಲಿನ ಹುಡುಗಿ ಆಗ ಪಿಯುಸಿಯಲ್ಲಿದ್ದಳು. ಅವಳು ಅವರನ್ನು ಹಳ್ಳದ ಬದಿಯ ಕೇರಿಗೆ ಕರೆದುಕೊಂಡು ಹೋಗಿ, ಅರ್ಧ ಬಿದ್ದ ಒಂದು ಗೋಡೆಯ ಮೇಲೆ 2009 ಎಂದು ಬರೆದಿದ್ದ ಗೆರೆಯನ್ನು ತೋರಿಸಿದಳು. ಅದು ಅವರ ತಲೆಗಿಂತ ಮೇಲಿತ್ತು. ಅವರು ಟೇಪು ಹಿಡಿದು ಅದನ್ನು ಬರೆದುಕೊಂಡರು.